ಬಾಗಿಲಿಗೆ ಬರುವ ಮಾರ್ಮನ್ ಹುಡುಗರ ದಿನ ಹೇಗೆ ಕಳೆಯುತ್ತದೆ?

ಪ್ರಶ್ನೆ ಕೇಳಿದವರು: ಹಾಸನದ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದೇವೆ. ಕಳೆದ ತಿಂಗಳು, ಮಳೆ ಹಿಡಿದ ಒಂದು ಸಂಜೆ, ಕೋಟು ತೊಟ್ಟು ಟೈ ಕಟ್ಟಿದ್ದ ಇಬ್ಬರು ಹುಡುಗರು ನಮ್ಮ ಮನೆಯ ಕರೆಗಂಟೆ ಒತ್ತಿದರು. ಇಬ್ಬರ ಎದೆಯ ಮೇಲೂ ಕಪ್ಪು ಬಣ್ಣದ ಹೆಸರಿನ ಬಿಲ್ಲೆಯಿತ್ತು. ಒಬ್ಬ ಅಮೆರಿಕದ ಐಡಾಹೊ ರಾಜ್ಯದವನು, ಇನ್ನೊಬ್ಬ ಟೋಂಗಾ ದ್ವೀಪದವನು; ಹತ್ತೊಂಬತ್ತು ದಾಟಿರಲಾರದು. ಯೇಸು ಕ್ರಿಸ್ತನ ಬಗ್ಗೆ ಎರಡು ಮಾತು ಆಡಬಹುದೇ ಎಂದು ವಿನಯದಿಂದ ಕೇಳಿದರು. ನೆನೆದು ನಿಂತ ಮಕ್ಕಳನ್ನು ಕಂಡು ನಮ್ಮ ಅತ್ತೆಯವರು ಒಳಗೆ ಬನ್ನಿ ಎಂದು ಕರೆದರು. ಆದರೆ ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಅವರು ವಿಚಾರಿಸಿದರು. ಇಲ್ಲವೆಂದು ತಿಳಿದ ಮೇಲೆ ಹೊಸ್ತಿಲಿನ ಹೊರಗೇ ನಿಂತು ಮಾತನಾಡಿ, ನಮ್ಮ ಯಜಮಾನರು ಕೆಲಸದಿಂದ ಬಂದ ನಂತರವೇ ಒಳಗೆ ಬಂದು ಕುಳಿತರು. ಕಾಫಿ ಬೇಡವೆಂದರು. ಹಾಸನದ ಕಾಫಿಪುಡಿಯ ಕಾಫಿಯನ್ನು ಬೇಡವೆಂದವರನ್ನು ಅತ್ತೆಯವರು ಈ ಹಿಂದೆ ಕಂಡಿರಲಿಲ್ಲ. ಬಾದಾಮಿ ಹಾಲು ಕೊಟ್ಟಾಗ ಮಾತ್ರ ಇಬ್ಬರೂ ಎರಡೆರಡು ಲೋಟ ಕುಡಿದರು.

ಮತಾಂತರದ ವಿಚಾರ ನಮಗೆ ಬೇಕಿಲ್ಲ, ಅದನ್ನು ಅವರಿಗೂ ಹೇಳಿದ್ದೇವೆ. ಆದರೆ ಈ ವಿಷಯದಲ್ಲಿ ನನಗೆ ಬೇರೊಂದು ಆಸಕ್ತಿಯಿದೆ. ನನ್ನ ಮಗನ ಶಾಲೆಯ ಗೆಳೆಯನೊಬ್ಬ ಇದೇ ಮಾರ್ಮನ್ ಕ್ರೈಸ್ತ ಸಭೆಗೆ ಸೇರಿದ ಮನೆಯ ಹುಡುಗ; ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೂ ಅದನ್ನು ಮುಂದಕ್ಕೆ ಹಾಕಿ ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗಲು ಸಿದ್ಧನಾಗುತ್ತಿದ್ದಾನೆ. ನನ್ನ ಮಗ ದಿನವೂ ನನ್ನನ್ನು ಪ್ರಶ್ನೆ ಕೇಳುತ್ತಾನೆ, ನನಗೆ ಉತ್ತರ ಗೊತ್ತಿಲ್ಲ. ಈ ಹುಡುಗರು ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಾರೆ? ಅವರ ಊಟ, ಬಾಡಿಗೆ ಯಾರು ನೋಡಿಕೊಳ್ಳುತ್ತಾರೆ? ಮನೆಯವರೊಂದಿಗೆ ಮಾತನಾಡುತ್ತಾರೆಯೇ? ದಿನವಿಡೀ ಅಲೆದರೂ ಯಾರೊಬ್ಬರೂ ಮಾತಿಗೆ ನಿಲ್ಲದಿದ್ದರೆ ಆ ವಯಸ್ಸಿನ ಹುಡುಗ ಅದನ್ನು ಹೇಗೆ ತಾಳಿಕೊಳ್ಳುತ್ತಾನೆ? ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಯೂಟಾದ ಮೇಷ್ಟ್ರು

ನಾನು ಯೂಟಾ ರಾಜ್ಯದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನಾನು ಆ ಸಭೆಯ ಸದಸ್ಯನಲ್ಲ. ಆದರೆ ನನ್ನ ತರಗತಿಯ ಗಂಡುಹುಡುಗರಲ್ಲಿ ಬಹುಮಂದಿ, ಹೆಣ್ಣುಮಕ್ಕಳಲ್ಲಿಯೂ ಸಾಕಷ್ಟು ಮಂದಿ, ಮಿಷನ್, ಅಂದರೆ ಈ ಧರ್ಮಪ್ರಚಾರದ ಅವಧಿ, ಮುಗಿಸಿ ಬಂದವರು. ಎರಡು ವರ್ಷ ಪುಸ್ತಕದಿಂದ ದೂರವಿದ್ದು ಕಲನಶಾಸ್ತ್ರದ ಮೊದಲ ಪಾಠವನ್ನೇ ಮರೆತು ಬಂದ ಹುಡುಗ, ಕ್ಯಾಂಟೀನಿನಲ್ಲಿ ಬ್ರೆಜಿಲ್‌ನಿಂದ ಬಂದ ಅಡುಗೆಯವರೊಂದಿಗೆ ನಿರರ್ಗಳವಾಗಿ ಪೋರ್ಚುಗೀಸ್ ಮಾತನಾಡುವುದನ್ನು ನೋಡುವುದು ಇಲ್ಲಿ ನನಗೆ ಅಭ್ಯಾಸವಾಗಿ ಹೋಗಿದೆ.

ಮೊದಲಿಗೆ ಹೆಸರಿನ ವಿಷಯ. 2018ರಲ್ಲಿ ಅವರ ಅಧ್ಯಕ್ಷರಾಗಿದ್ದ ರಸಲ್ ಎಂ. ನೆಲ್ಸನ್ ಅವರು ಮಾರ್ಮನ್ ಎಂಬ ಅಡ್ಡಹೆಸರನ್ನು ಬಿಟ್ಟು ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ ಎಂಬ ಪೂರ್ಣ ಹೆಸರನ್ನೇ ಬಳಸಬೇಕೆಂದು ಕೇಳಿಕೊಂಡರು. ಎದುರಿಗೆ ಸಿಕ್ಕಾಗ ಹಾಗೆ ಕರೆದರೆ ಆ ಹುಡುಗರಿಗೆ ಸಂತೋಷವಾಗುತ್ತದೆ. ಇಲ್ಲಿ ಓದುವವರಿಗೆ ಗುರುತು ಸಿಗಲೆಂದು ನಾನು ಹಳೆಯ ಹೆಸರನ್ನೇ ಬಳಸುತ್ತಿದ್ದೇನೆ.

ಹುಡುಗರ ಅವಧಿ ಎರಡು ವರ್ಷ, ಹೆಣ್ಣುಮಕ್ಕಳದು ಹದಿನೆಂಟು ತಿಂಗಳು. 2012ರ ಅಕ್ಟೋಬರ್‌ನಲ್ಲಿ ಅಂದಿನ ಅಧ್ಯಕ್ಷ ಥಾಮಸ್ ಎಸ್. ಮಾನ್ಸನ್ ಅವರು ಕನಿಷ್ಠ ವಯಸ್ಸನ್ನು ಹುಡುಗರಿಗೆ 19ರಿಂದ 18ಕ್ಕೂ, ಹುಡುಗಿಯರಿಗೆ 21ರಿಂದ 19ಕ್ಕೂ ಇಳಿಸಿದರು; ಆ ಮೇಲೆ ಹೊರಡುವ ಹೆಣ್ಣುಮಕ್ಕಳ ಸಂಖ್ಯೆ ಒಮ್ಮೆಲೇ ಏರಿತು. ಹೋಗುವ ಊರನ್ನು ಅವರು ಆರಿಸಿಕೊಳ್ಳುವಂತಿಲ್ಲ. ಸ್ಥಳೀಯ ಮುಖ್ಯಸ್ಥರ ಸಂದರ್ಶನ, ವೈದ್ಯರ ಮತ್ತು ದಂತವೈದ್ಯರ ತಪಾಸಣೆ ಎಲ್ಲ ಮುಗಿದು ಅರ್ಜಿ ಹೋದ ಮೇಲೆ, ಸಾಲ್ಟ್ ಲೇಕ್ ನಗರದ ಮುಖ್ಯ ಕಚೇರಿಯಿಂದ ಇಂಥ ಊರಿಗೆ ಹೋಗಬೇಕೆಂಬ ಕರೆ ಬರುತ್ತದೆ. ಹಿಂದೆ ಅದು ದಪ್ಪನೆಯ ಬಿಳಿ ಲಕೋಟೆಯಲ್ಲಿ ಅಂಚೆಯ ಮೂಲಕ ಬರುತ್ತಿತ್ತು, ಈಗ ಆನ್‌ಲೈನ್‌ನಲ್ಲಿ ಬರುತ್ತದೆ. ನಮ್ಮ ಪಕ್ಕದ ಮನೆಯವರು ಮಗನ ಕರೆಯನ್ನು ತೆರೆಯುವ ಸಂಜೆ ನಮ್ಮನ್ನೂ ಕರೆದಿದ್ದರು. ಗೋಡೆಗೆ ಭೂಪಟ ಹಚ್ಚಿ, ಬಂದವರೆಲ್ಲ ತಮ್ಮ ಊಹೆಯ ಊರಿಗೆ ಒಂದೊಂದು ಗುಂಡುಸೂಜಿ ಚುಚ್ಚಬೇಕಿತ್ತು. ಅಜ್ಜಿ ಜಪಾನ್ ಎಂದರು, ತಮ್ಮ ಪೆರು ಎಂದ. ಹುಡುಗನಿಗೆ ಬಂದದ್ದು ಅಮೆರಿಕದ್ದೇ ಒಕ್ಲಹೋಮ. ಒಂದು ಗಳಿಗೆ ಮೌನವಾಗಿ, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಲೇಬೇಕು, ಏಕೆಂದರೆ ಆ ಕರೆ ದೇವರ ಪ್ರೇರಣೆಯಿಂದ ಬಂದದ್ದು ಎಂಬುದು ಅವರ ನಂಬಿಕೆ.

ಹಣದ ವಿಷಯದಲ್ಲಿ ಹೊರಗಿನವರಿಗೆ ತಪ್ಪು ಕಲ್ಪನೆಯಿದೆ. ಇದು ಸಂಬಳದ ಕೆಲಸವಲ್ಲ. ಹುಡುಗನೂ ಅವನ ಮನೆಯವರೂ ಪ್ರತಿ ತಿಂಗಳು ಸಭೆಗೆ ಹಣ ಕಟ್ಟುತ್ತಾರೆ. ಅಮೆರಿಕದಂಥ ದೇಶಗಳಿಂದ ಹೊರಡುವವರಿಗೆ 2020ರ ಜುಲೈನಿಂದ ಅದು ತಿಂಗಳಿಗೆ 500 ಡಾಲರ್ ಆಯಿತು, ಅದಕ್ಕೆ ಮೊದಲು 400 ಇತ್ತು. ದುಬಾರಿ ಊರಿಗೆ ಹೋದವನೂ ಅಗ್ಗದ ಊರಿಗೆ ಹೋದವನೂ ಕಟ್ಟುವುದು ಒಂದೇ ಮೊತ್ತ. ಅಲ್ಲಿಂದ ಅವರ ಬಾಡಿಗೆ, ದಿನಸಿಗೆ ಹಂಚಿಕೆಯಾಗುತ್ತದೆ. ಚಿಕ್ಕಂದಿನಿಂದಲೇ ಹುಲ್ಲು ಕತ್ತರಿಸಿ, ಹಿಮ ಗುಡಿಸಿ ಮಿಷನ್ ಖಾತೆಗೆ ಹಣ ಕೂಡಿಡುವ ಮಕ್ಕಳನ್ನು ನಾನು ಇಲ್ಲಿ ಕಂಡಿದ್ದೇನೆ. ಸಂಜೆಯ ಊಟಕ್ಕೆ ಸ್ಥಳೀಯ ಸದಸ್ಯರು ಸರದಿಯ ಮೇಲೆ ಕರೆಯುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಪಟ್ಟಣಕ್ಕೆ ಓದಲು ಬಂದ ಹುಡುಗರು ವಾರಾನ್ನ ಮಾಡಿಕೊಂಡಿದ್ದರಲ್ಲ, ಹೆಚ್ಚುಕಡಿಮೆ ಅದೇ ಏರ್ಪಾಡು.

ದಿನಚರಿಯ ಚೌಕಟ್ಟು ಸರಳವಾಗಿದೆ. ಬೆಳಿಗ್ಗೆ ಆರೂವರೆಗೆ ಏಳಬೇಕು. ವ್ಯಾಯಾಮ, ಸ್ನಾನ, ತಿಂಡಿ, ಒಬ್ಬರೇ ಕುಳಿತು ಗ್ರಂಥ ಓದುವುದು, ಬಳಿಕ ಇಬ್ಬರೂ ಕೂಡಿ ಪಾಠ ಸಿದ್ಧಪಡಿಸುವುದು, ಪರಭಾಷೆಯ ಊರಾದರೆ ಭಾಷಾಭ್ಯಾಸ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೊರಬಿದ್ದರೆ ರಾತ್ರಿ ಒಂಬತ್ತರವರೆಗೆ ಜನರ ನಡುವೆ; ಹತ್ತೂವರೆಗೆ ದೀಪ ಆರಿಸಬೇಕು. 2017ರಿಂದ ಊರಿನ ರೂಢಿಗೆ ತಕ್ಕಂತೆ ಈ ಹೊತ್ತುಗಳನ್ನು ಅಷ್ಟಿಷ್ಟು ಹೊಂದಿಸಿಕೊಳ್ಳಲು ಅವಕಾಶವಿದೆ. ಪ್ರೇಮ, ಟೀವಿ, ಈಜು ಯಾವುದೂ ಇಲ್ಲ. ಕೈಯಲ್ಲಿ ಸ್ಮಾರ್ಟ್‌ಫೋನ್ ಇರುತ್ತದೆ, ಆದರೆ ಅದರಲ್ಲಿ ಬೇಕಾದ್ದನ್ನೆಲ್ಲ ತೆರೆಯಲಾಗದು.

ನಿಮ್ಮ ಹೊಸ್ತಿಲಿನ ಪ್ರಸಂಗಕ್ಕೆ ಕಾರಣವೂ ನಿಯಮವೇ. ಹೆಂಗಸರು ಮಾತ್ರ ಇರುವ ಮನೆಯೊಳಗೆ ಹುಡುಗರು ಹೋಗಬೇಕಾದರೆ ಇನ್ನೊಬ್ಬ ವಯಸ್ಕ ಗಂಡಸು ಜೊತೆಗಿರಬೇಕು. ಹೆಣ್ಣುಮಕ್ಕಳಿಗೂ ಇದೇ ನಿಯಮ ತಿರುಗಿಸಿ ಅನ್ವಯವಾಗುತ್ತದೆ. ಮಳೆಯಲ್ಲಿ ನಿಲ್ಲಿಸಿದೆವಲ್ಲ ಎಂದು ನಿಮ್ಮ ಅತ್ತೆಯವರು ನೊಂದುಕೊಳ್ಳುವುದು ಬೇಡ.

ಇಷ್ಟೆಲ್ಲದರಲ್ಲಿ ಅತಿ ಕಠಿಣವಾದದ್ದು ಯಾವುದು ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ, ಜನರ ತಿರಸ್ಕಾರ ಎಂದು ಹೇಳುವವರು ಕಡಿಮೆ. ಜೊತೆಗಾರ ಎನ್ನುತ್ತಾರೆ. ಇಬ್ಬರು ಸದಾ ಒಬ್ಬರ ಕಣ್ಣಿಗೊಬ್ಬರು ಬೀಳುವಷ್ಟು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರವಿರಬೇಕು. ಬಚ್ಚಲಿನ ಬಾಗಿಲು ಹಾಕಿಕೊಂಡಾಗ ಮಾತ್ರ ಒಬ್ಬಂಟಿತನ. ಈ ಜೊತೆಗಾರನನ್ನು ಗೊತ್ತುಮಾಡುವವರು ಆ ಪ್ರದೇಶದ ಮಿಷನರಿಗಳ ಉಸ್ತುವಾರಿ ಹೊತ್ತ ಮಿಷನ್ ಅಧ್ಯಕ್ಷರು. ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಹೊಂದಿಕೊಂಡವನು ಹೋಗಬಹುದು, ಹೊಂದದವನು ಮತ್ತೆ ಆರು ವಾರ ಉಳಿಯಬಹುದು. ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕುಳಿತು ಪರಸ್ಪರರ ಬಗ್ಗೆ ಇರುವ ಮೆಚ್ಚುಗೆಯನ್ನೂ ಅಸಮಾಧಾನವನ್ನೂ ಬಾಯಿಬಿಟ್ಟು ಹೇಳಿಕೊಳ್ಳಬೇಕೆಂಬ ಪದ್ಧತಿಯಿದೆ. ಪಾತ್ರೆ ತೊಳೆಯದೆ ಬಿಡುವವನ ಮೇಲೆ, ಅಲಾರಾಂ ಆರಿಸಿ ಮತ್ತೆ ಮಲಗುವವನ ಮೇಲೆ, ಊಟ ಮಾಡುವಾಗ ಸದ್ದು ಮಾಡುವವನ ಮೇಲೆ ಇರುವ ಕೋಪವನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಭ್ಯವಾದ ಮಾತಿನಲ್ಲಿ ಹೇಳಲು ಕಲಿಯುವುದು ಸಣ್ಣ ವಿದ್ಯೆಯಲ್ಲ. ನಮ್ಮ ಎಷ್ಟೋ ದಂಪತಿಗಳಿಗೆ ಅದು ಐವತ್ತಾದರೂ ಬಂದಿರುವುದಿಲ್ಲ.

ಉತ್ತರ 2: ಬೆಂಗಳೂರಿನ ಮಾಜಿ ಸಿಸ್ಟರ್

ಮೇಷ್ಟ್ರು ಬರೆದದ್ದೆಲ್ಲ ಸರಿಯಾಗಿದೆ. ನಾನು ಆ ಬಿಲ್ಲೆಯನ್ನು ಧರಿಸಿದವಳಾದ್ದರಿಂದ ಒಳಗಿನ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ನಮ್ಮ ಮನೆ ಬೆಂಗಳೂರಿನಲ್ಲಿದೆ. ನನ್ನ ತಾಯಿ ತಂದೆ ನಾನು ಹುಟ್ಟುವ ಮೊದಲೇ ಈ ಸಭೆಗೆ ಸೇರಿದವರು. ನಾನು ಸೇವೆ ಮಾಡಿದ್ದು ಹೆಚ್ಚಾಗಿ ಹೈದರಾಬಾದಿನಲ್ಲಿ. ಭಾರತದಲ್ಲಿ ಸಭೆಯ ಮೊದಲ ಸ್ಟೇಕ್, ಅಂದರೆ ಹಲವು ಸ್ಥಳೀಯ ಸಭೆಗಳ ಒಕ್ಕೂಟ, 2012ರಲ್ಲಿ ಅಲ್ಲಿಯೇ ಸ್ಥಾಪನೆಯಾಯಿತು.

ಮಿಷನರಿಗಳನ್ನು ಕುಲನಾಮದಿಂದ ಕರೆಯುತ್ತಾರೆ. ಹುಡುಗರು ಎಲ್ಡರ್, ಹುಡುಗಿಯರು ಸಿಸ್ಟರ್. ನಮ್ಮಲ್ಲಿ ಕುಲನಾಮವೆಲ್ಲಿಯದು? ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಿದ್ದ ಅಪ್ಪನ ಹೆಸರೇ ನನ್ನ ಬಿಲ್ಲೆಯ ಮೇಲೆ ಬಂತು. ಹೀಗಾಗಿ ಮಿಷನ್ ಮುಗಿಯುವವರೆಗೂ ಎಲ್ಲರೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆದರು. ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ನಮ್ಮ ದೇಶದಲ್ಲಿ ನಾವು ಮನೆಮನೆಯ ಬಾಗಿಲು ತಟ್ಟುತ್ತಾ ಹೋಗುತ್ತಿರಲಿಲ್ಲ. ಸದಸ್ಯರು ತಮ್ಮ ನೆಂಟರನ್ನೋ ಸ್ನೇಹಿತರನ್ನೋ ಪರಿಚಯಿಸಿದರೆ ಅವರ ಒಪ್ಪಿಗೆ ಪಡೆದು ಮನೆಗೆ ಹೋಗುತ್ತಿದ್ದೆವು. ಆದ್ದರಿಂದ ಲೀಡ್ಸ್‌ನ ಹುಡುಗರಿಗೆ ಸಿಗುವಷ್ಟು ಮುಚ್ಚಿದ ಬಾಗಿಲುಗಳು ನಮಗೆ ಸಿಗಲಿಲ್ಲ. ನಮ್ಮ ಕಷ್ಟ ಬೇರೆಯದು: ಯಾರೂ ಇಲ್ಲ ಎನ್ನುವುದಿಲ್ಲ. ಭಾನುವಾರ ಖಂಡಿತ ಬರುತ್ತೇವಮ್ಮಾ ಎಂದು ತುಂಬು ದಾಕ್ಷಿಣ್ಯದಿಂದ ಹೇಳುತ್ತಾರೆ, ಭಾನುವಾರ ಫೋನ್ ಎತ್ತುವುದಿಲ್ಲ. ಪ್ರಾರ್ಥನಾಲಯದ ಗೇಟಿನ ಬಳಿ ಆಟೋ ನಿಂತಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದೆವು. ಬ್ರೆಡ್ಡು ನೀರಿನ ಸಂಸ್ಕಾರ ಆರಂಭವಾದ ಮೇಲೂ ನನ್ನ ಕಣ್ಣು ಹಿಂಬಾಗಿಲಿನ ಮೇಲೆಯೇ ಇರುತ್ತಿತ್ತು. ಮುಖಕ್ಕೆ ಬಾಗಿಲು ಹಾಕಿದವರಿಗಿಂತ ಬರುತ್ತೇನೆಂದು ಬಾರದವರೇ ನನ್ನನ್ನು ಹೆಚ್ಚು ಅಳಿಸಿದ್ದಾರೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಬೀದಿಯಲ್ಲಿ ನಮ್ಮನ್ನು ಕಂಡವರು ಬ್ಯಾಂಕಿನ ಸಾಲದವರು ಎಂದೋ ಔಷಧ ಕಂಪನಿಯ ಪ್ರತಿನಿಧಿಗಳು ಎಂದೋ ತಿಳಿಯುತ್ತಿದ್ದರು. ಒಬ್ಬ ಅಜ್ಜಿ ರೇಷನ್ ಕಾರ್ಡಿನ ಅರ್ಜಿ ತಂದು ಕೈಗಿಟ್ಟು, ಹೆಸರು ತಿದ್ದಿಸಿ ಕೊಡಿ ಎಂದರು. ನನ್ನ ಜೊತೆಗಾತಿ ವಿಜಯವಾಡದ ಕಡೆಯವಳು, ತೆಲುಗಿನಲ್ಲಿ ಗಟ್ಟಿಗಳು. ಅವಳು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಅರ್ಜಿ ತುಂಬಿದಳು, ನಾನು ಅಜ್ಜಿಯ ಹಳೆಯ ಕಾರ್ಡಿನ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ ಹೇಳಿದೆ. ಅಂದು ಧರ್ಮದ ಮಾತೇ ಬರಲಿಲ್ಲ. ರಾತ್ರಿ ಲೆಕ್ಕ ಒಪ್ಪಿಸುವಾಗ ಆ ಒಂದು ಗಂಟೆಯನ್ನು ಯಾವ ಕಾಲಂನಲ್ಲಿ ಬರೆಯುವುದೆಂದು ಇಬ್ಬರೂ ಚರ್ಚಿಸಿ, ಕೊನೆಗೆ ಸೇವೆ ಎಂದು ಬರೆದೆವು.

ಪಾಠ ಎಂದರೆ ಉಪನ್ಯಾಸವಲ್ಲ. ಮಿಷನರಿಗಳ ಕೈಪಿಡಿ 2004ರಲ್ಲಿ ಬಂದು 2023ರಲ್ಲಿ ಪರಿಷ್ಕರಣೆಯಾಗಿದೆ. ಅದರಲ್ಲಿ ವಿಷಯಗಳ ಕ್ರಮವಿದೆ, ಆದರೆ ಉರುಹೊಡೆದು ಒಪ್ಪಿಸಬಾರದು, ಎದುರಿನವರನ್ನು ನೋಡಿ ಮಾತನಾಡಬೇಕು ಎಂದು ಕಲಿಸುತ್ತಾರೆ. ಮುಂದೆ ನಮ್ಮ ಸಭೆಯನ್ನು ಸ್ಥಾಪಿಸಿದ ಜೋಸೆಫ್ ಸ್ಮಿತ್ ಎಂಬ ಹದಿನಾಲ್ಕರ ಹುಡುಗ 1820ರಲ್ಲಿ ನ್ಯೂಯಾರ್ಕ್ ಸೀಮೆಯ ತೋಪಿನಲ್ಲಿ ಪ್ರಾರ್ಥಿಸಿದಾಗ ಕಂಡ ದರ್ಶನದಿಂದ ನಾವು ಆರಂಭಿಸುತ್ತಿದ್ದೆವು. ಬೈಬಲ್ಲಿನ ಜೊತೆಗೆ ನಾವು ಧರ್ಮಗ್ರಂಥವೆಂದು ನಂಬುವ ಮಾರ್ಮನ್ ಗ್ರಂಥವನ್ನು ಕೈಗೆ ಕೊಟ್ಟು, ಓದಿರಿ, ಇದು ಸತ್ಯವೇ ಎಂದು ನೀವೇ ದೇವರನ್ನು ಕೇಳಿರಿ ಎನ್ನುತ್ತಿದ್ದೆವು. ಈ ಮಾತನ್ನು ನಂಬಿ ಹೇಳುವುದಕ್ಕೂ ಅಭ್ಯಾಸಬಲದಿಂದ ಹೇಳುವುದಕ್ಕೂ ಇರುವ ವ್ಯತ್ಯಾಸ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ, ಫ್ಯಾನ್ ನಿಂತುಹೋದ ಕೋಣೆಯಲ್ಲಿ ನಾನು ಅಭ್ಯಾಸಬಲದಿಂದ ಹೇಳಿದ ದಿನಗಳೂ ಇದ್ದವು.

ಕಾಫಿಯ ವಿಷಯ: 1833ರಲ್ಲಿ ಜೋಸೆಫ್ ಸ್ಮಿತ್ ಅವರಿಗೆ ಬಂದ ಪ್ರಕಟಣೆಯ ಪ್ರಕಾರ ನಾವು ಹೆಂಡ, ಹೊಗೆಸೊಪ್ಪು, ಟೀ, ಕಾಫಿ ಬಿಟ್ಟಿದ್ದೇವೆ. ಹಾಲು, ಮಜ್ಜಿಗೆ, ಕಷಾಯ, ಪಾನಕ ಎಲ್ಲವೂ ಆಗುತ್ತದೆ. ಹೈದರಾಬಾದಿನಲ್ಲಿ ಟೀ ಬೇಡ ಎನ್ನುವುದು ಧರ್ಮ ಬೋಧಿಸುವುದಕ್ಕಿಂತ ಕಷ್ಟ. ಡಾಕ್ಟರು ಬೇಡ ಎಂದಿದ್ದಾರೆಯೇ ಎಂದು ಕೇಳುವವರಿಗೆ ಹೌದೆಂದು ಹೇಳಿ ಪಾರಾಗುವ ಆಸೆ ಬರುತ್ತಿತ್ತು. ಜೊತೆಗಾತಿ ಪಕ್ಕದಲ್ಲಿದ್ದುದರಿಂದ ಸುಳ್ಳು ಹೇಳುವಂತಿರಲಿಲ್ಲ.

ಸೋಮವಾರ ನಮ್ಮ ಬಿಡುವಿನ ದಿನ. ಬಟ್ಟೆ ಒಗೆಯುವುದು, ದಿನಸಿ ತರುವುದು, ಮನೆಗೆ ಇಮೇಲ್ ಬರೆಯುವುದು. 2019ರ ಫೆಬ್ರುವರಿಯವರೆಗೆ ಮಿಷನರಿಗಳು ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ ಮಾತ್ರ ಮನೆಗೆ ಫೋನ್ ಮಾಡಬಹುದಿತ್ತು. ಈಗ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಬಹುದು. ನಾನು ಹೋದದ್ದು ಆ ಬದಲಾವಣೆಯ ನಂತರ. ಮೊದಲ ಕರೆಯಲ್ಲಿ ಅಮ್ಮ ಏನನ್ನೂ ಕೇಳದೆ, ಕ್ಯಾಮೆರಾವನ್ನು ಅಡುಗೆಮನೆಗೆ ತಿರುಗಿಸು ಎಂದಳು. ಅಲ್ಲಿ ಎರಡು ತಟ್ಟೆ, ಒಂದು ಕುಕ್ಕರ್, ಅರ್ಧ ಚೀಲ ಅಕ್ಕಿ, ಕಿಟಕಿಯ ಸರಳಿಗೆ ಒಣಗಲು ಹಾಕಿದ ಸ್ಕರ್ಟು ಕಂಡವು. ನೀನು ತೆಳ್ಳಗಾಗಿಲ್ಲ, ಬಿಡು, ಎಂದು ಹೇಳಿ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಉತ್ತರ 3: ಹಳೆಯ ಕಡತ

ಪ್ರಶ್ನೆ ಲೀಡ್ಸ್‌ನಿಂದ ಬಂದಿರುವುದರಿಂದ ಇತಿಹಾಸದ ಒಂದೆರಡು ಸಂಗತಿಗಳನ್ನು ಹೇಳಲೇಬೇಕು. ಸಭೆ ಸ್ಥಾಪನೆಯಾದದ್ದು 1830ರ ಏಪ್ರಿಲ್ 6ರಂದು. ಅದೇ ಬೇಸಿಗೆಯಲ್ಲಿ ಜೋಸೆಫ್ ಸ್ಮಿತ್ ಅವರ ತಮ್ಮ ಸ್ಯಾಮ್ಯುಯೆಲ್ ಚೀಲದಲ್ಲಿ ಗ್ರಂಥದ ಪ್ರತಿಗಳನ್ನು ತುಂಬಿಕೊಂಡು ಹಳ್ಳಿಹಳ್ಳಿ ಅಲೆದನು. ಅವನನ್ನೇ ಮೊದಲ ಮಿಷನರಿ ಎಂದು ಎಣಿಸುತ್ತಾರೆ. ಅಟ್ಲಾಂಟಿಕ್ ದಾಟಿದ ಮೊದಲ ತಂಡ 1837ರಲ್ಲಿ ಹೀಬರ್ ಸಿ. ಕಿಂಬಾಲ್ ಅವರ ನೇತೃತ್ವದಲ್ಲಿ ಇಂಗ್ಲೆಂಡಿಗೆ ಬಂದಿತು. ಅವರು ಬೋಧಿಸಿದ ಊರು ನಿಮ್ಮಿಂದ ಪಶ್ಚಿಮಕ್ಕೆ ದೂರವಲ್ಲದ ಪ್ರೆಸ್ಟನ್. ಆ ವರ್ಷದ ಜುಲೈ 30ರಂದು ರಿಬಲ್ ನದಿಯಲ್ಲಿ ಮೊದಲ ದೀಕ್ಷಾಸ್ನಾನಗಳು ನಡೆದವು. ಮೊದಲಿಗನಾಗುವ ಗೌರವಕ್ಕಾಗಿ ಇಬ್ಬರು ನದಿಯ ಕಡೆಗೆ ಓಟದ ಪಂದ್ಯವನ್ನೇ ನಡೆಸಿದರು, ಗೆದ್ದವನು ಜಾರ್ಜ್ ವಾಟ್. ನಂತರದ ದಶಕಗಳಲ್ಲಿ ಸಾವಿರಾರು ಬ್ರಿಟಿಷ್ ಕಾರ್ಮಿಕ ಕುಟುಂಬಗಳು ಮತಾಂತರವಾಗಿ ಹಡಗು ಹತ್ತಿ ಯೂಟಾಗೆ ವಲಸೆ ಹೋದವು. ಆದ್ದರಿಂದ ನಿಮ್ಮ ಬಾಗಿಲಿಗೆ ಬಂದ ಐಡಾಹೊದ ಹುಡುಗನ ಹಿರಿಯರು ಲ್ಯಾಂಕಷೈರ್ ಕಡೆಯವರೇ ಆಗಿದ್ದರೂ ಆಶ್ಚರ್ಯವಿಲ್ಲ. ಮುಂದಿನ ಸಲ ಕೇಳಿ ನೋಡಿ. ವಂಶಾವಳಿಯ ವಿಷಯದಲ್ಲಿ ಅವರಷ್ಟು ಬಲ್ಲವರು ಅಪರೂಪ.

ನಮ್ಮ ದೇಶದ ಕಥೆಯೂ ಹಳೆಯದು. 1851ರಲ್ಲಿ ಜೋಸೆಫ್ ರಿಚರ್ಡ್ಸ್ ಎಂಬವರು ಕಲ್ಕತ್ತೆಗೆ ಬಂದರು. 1852ರಲ್ಲಿ ಸಾಲ್ಟ್ ಲೇಕ್‌ನಿಂದ ಹೊರಟ ಇನ್ನೊಂದು ತಂಡ ಮರುವರ್ಷದ ಏಪ್ರಿಲ್‌ನಲ್ಲಿ ಅಲ್ಲಿಗೆ ತಲುಪಿತು. ಅದರಲ್ಲಿದ್ದ ರಿಚರ್ಡ್ ಬ್ಯಾಲಂಟೈನ್ ಮದರಾಸಿಗೆ ಬಂದು ಒಂದು ವರ್ಷದಷ್ಟು ಕಾಲ ಉಪನ್ಯಾಸ ಮಾಡುತ್ತಾ, ಒಂದು ಮಾಸಪತ್ರಿಕೆಯನ್ನೂ ಅಚ್ಚು ಹಾಕಿಸಿದರು. ಹ್ಯೂ ಫಿಂಡ್ಲೆ ಮುಂಬಯಿ, ಪುಣೆಗಳಲ್ಲಿ ಅಲೆದರು. ಅಂದಿನ ಮಿಷನರಿಗಳು ಕೈಯಲ್ಲಿ ಕಾಸಿಲ್ಲದೆ, ಜನರು ಕೊಟ್ಟದ್ದನ್ನು ಉಂಡು ಬದುಕಬೇಕೆಂಬ ವ್ರತದವರು. ಅವರು ಹೆಚ್ಚಾಗಿ ನೆಚ್ಚಿಕೊಂಡದ್ದು ಬ್ರಿಟಿಷ್ ಸಿಪಾಯಿಗಳನ್ನೂ ಯೂರೋಪಿಯನ್ ಕುಟುಂಬಗಳನ್ನೂ. ದಂಡಿನ ಅಧಿಕಾರಿಗಳು ಕಂಟೋನ್ಮೆಂಟಿನೊಳಗೆ ಬೋಧನೆಗೆ ಅಡ್ಡಿಪಡಿಸಿದರೆ ಮುಂದೆ ದಾರಿಯೇ ಇರುತ್ತಿರಲಿಲ್ಲ. ಫಲ ಅಲ್ಪ. 1850ರ ದಶಕ ಮುಗಿಯುವ ಮೊದಲೇ ಎಲ್ಲರೂ ಹಿಂದಿರುಗಿದರು. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡ ಮಿಷನ್ ಆರಂಭವಾಗಲು 1993ರವರೆಗೆ ಕಾಯಬೇಕಾಯಿತು, ನಗರಕ್ಕೊಂದು ಟೆಂಪಲ್ ಕಟ್ಟುವ ಘೋಷಣೆ ಬಂದದ್ದು 2018ರ ಏಪ್ರಿಲ್‌ನಲ್ಲಿ.

ಇದನ್ನು ಹೇಳಲು ಕಾರಣವಿದೆ. ಅಂದು ಹೋದವರಲ್ಲಿ ಬಹುಮಂದಿ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ನಡುವಯಸ್ಸಿನ ಗೃಹಸ್ಥರು. ಲೋಕ ಕಂಡ ಮನುಷ್ಯನೊಬ್ಬ ಮದರಾಸಿನಲ್ಲಿ ಸೋತರೆ ಅದನ್ನು ತನ್ನ ದಿನಚರಿಯಲ್ಲಿ ಬರೆದು ಹಡಗು ಹತ್ತುತ್ತಾನೆ. ಈಗ ಅದೇ ಭಾರವನ್ನು ಶಾಲೆ ಬಿಟ್ಟ ಮಕ್ಕಳ ಹೆಗಲಿಗೆ ಹೊರಿಸಲಾಗಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಆ ಸಭೆಯೊಳಗೂ ನಡೆಯಬೇಕಾದದ್ದೇ.

ಉತ್ತರ 4: ಮೇಲಂತಸ್ತು

ಮೇಲಿನ ಉತ್ತರಗಳು ಸೊಗಸಾಗಿವೆ, ಆದರೆ ಪ್ರಶ್ನೆಯ ಕೊನೆಯ ಭಾಗವನ್ನು ಯಾರೂ ನೇರವಾಗಿ ಮುಟ್ಟಿಲ್ಲ. ಎಲ್ಲರೂ ತಾಳಿಕೊಳ್ಳುವುದಿಲ್ಲ. ನಾವು ಅಮೆರಿಕದ ಅರಿಜೋನಾದಲ್ಲಿದ್ದಾಗ ಮಿಷನ್ನಿನಿಂದ ಅರ್ಧದಲ್ಲಿ ಹಿಂದಿರುಗಿದ ಹುಡುಗನೊಬ್ಬ ನಮ್ಮ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದನು. ಅವನನ್ನು ಯಾರೂ ಹಿಂಸಿಸಿರಲಿಲ್ಲ, ಮಿಷನ್ ಅಧ್ಯಕ್ಷರೂ ಕರುಣೆಯಿಂದಲೇ ಕಳುಹಿಸಿಕೊಟ್ಟಿದ್ದರಂತೆ. ಆದರೆ ಅವನಿಗೆ ಬೆಳಗಾಗುತ್ತಿದ್ದಂತೆ ಎದೆ ಬಡಿತ ಏರಿ, ಹೊರಗಿನ ಬಾಗಿಲಿನ ಚಿಲಕ ತೆಗೆಯಲಾಗದ ಸ್ಥಿತಿ ಬಂದಿತ್ತು. ಊರಿಗೆ ಬಂದ ಮೇಲೆ ತಂದೆತಾಯಿಯ ಮನೆಯಲ್ಲಿ ಉಳಿಯದೆ ನಮ್ಮಲ್ಲಿಗೆ ಬಂದದ್ದೇಕೆ ಎಂದು ನನ್ನ ಹೆಂಡತಿ ಕೇಳಿದಾಗ, ಅವರ ಬೀದಿಯಲ್ಲಿ ಎಲ್ಲರಿಗೂ ತಾನು ಹಿಂದಿರುಗಬೇಕಾದ ತಿಂಗಳು ಗೊತ್ತಿದೆ ಎಂದನು. ಅಷ್ಟು ಬಿಟ್ಟರೆ ಬೇರೇನೂ ಹೇಳಲಿಲ್ಲ.

ಒಪ್ಪಬೇಕಾದ ಮಾತೆಂದರೆ, ಸಭೆ ಈ ಸಮಸ್ಯೆಗೆ ಕಣ್ಣು ಮುಚ್ಚಿ ಕುಳಿತಿಲ್ಲ. ಮನಸ್ಸಿನ ಒತ್ತಡವನ್ನು ನಿಭಾಯಿಸುವ ಬಗ್ಗೆ ಮಿಷನರಿಗಳಿಗೆಂದೇ ಕಿರುಪುಸ್ತಕವಿದೆ. ಊರೂರು ಅಲೆಯಲಾಗದವರಿಗೆ ಮನೆಯಲ್ಲಿದ್ದುಕೊಂಡೇ ಆಹಾರ ಭಂಡಾರ, ಆಸ್ಪತ್ರೆ ಮುಂತಾದ ಕಡೆ ದುಡಿಯುವ ಸೇವಾ ಮಿಷನ್ ಇದೆ. ಮೇಲೆ ಹೇಳಿದ ವಾರದ ಫೋನ್ ಕರೆಯೂ ದೊಡ್ಡ ಸುಧಾರಣೆಯೇ. ಆದರೂ ಎರಡು ಸಂಗತಿಗಳ ಬಗ್ಗೆ ನನ್ನ ತಕರಾರು ಉಳಿದಿದೆ.

ಮೊದಲನೆಯದು ಲೆಕ್ಕ. ಹೊಸದಾಗಿ ಎಷ್ಟು ಜನ ಪಾಠ ಕೇಳಲು ಒಪ್ಪಿದರು, ಭಾನುವಾರ ಎಷ್ಟು ಜನ ಬಂದರು, ದೀಕ್ಷಾಸ್ನಾನಕ್ಕೆ ಎಷ್ಟು ಜನ ದಿನ ಗೊತ್ತುಮಾಡಿದರು ಎಂಬ ಅಂಕಿಗಳು ಪ್ರತಿ ವಾರ ಮೇಲಕ್ಕೆ ಹೋಗುತ್ತವೆ. ದೇವರ ಕೆಲಸ ಮನುಷ್ಯನ ಕೈಯಲ್ಲಿಲ್ಲ ಎಂದು ಕಲಿಸಿ, ವಾರದ ಕೊನೆಗೆ ಅಂಕಿ ಕೇಳಿದರೆ, ಸೊನ್ನೆ ಬಂದವನು ತನ್ನ ನಂಬಿಕೆಯಲ್ಲೇ ಕೊರತೆ ಹುಡುಕತೊಡಗುತ್ತಾನೆ. ಎರಡನೆಯದು ಸ್ನೇಹ. ಇವರಿಗೆ ಬಾಗಿಲು ತೆರೆಯುವವರಲ್ಲಿ ಒಂಟಿ ವೃದ್ಧರು, ಆಗಷ್ಟೇ ವಲಸೆ ಬಂದವರು, ಮನೆ ಮುರಿದವರು ಹೆಚ್ಚು. ಹುಡುಗರ ಪ್ರೀತಿ ನಿಜವಾದದ್ದೇ, ನನಗೆ ಸಂಶಯವಿಲ್ಲ. ಆದರೆ ಆರು ವಾರಕ್ಕೆ ವರ್ಗವಾಗಿ ಹೋಗುವ ಹುಡುಗನ ಮೇಲೆ ಮನಸ್ಸಿಟ್ಟು ಸಭೆಗೆ ಸೇರಿದವರು, ಅವನು ಹೋದ ಮೇಲೆ ಯಾರ ಬಳಿ ಕೂರಬೇಕು?

ಉತ್ತರ 5: ಬೆಂಗಳೂರಿನ ಮಾಜಿ ಸಿಸ್ಟರ್

ಮೇಲಂತಸ್ತು ಅವರ ಎರಡನೆಯ ಮಾತಿಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ನಾವು ಪಾಠಕ್ಕೆ ಹೋಗುವಾಗ ಸ್ಥಳೀಯ ಸದಸ್ಯರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ; ನಾವು ಹೋದರೂ ಪಕ್ಕದ ಬೀದಿಯ ಆಂಟಿ ಉಳಿಯುತ್ತಾರೆ. ಎಲ್ಲ ಕಡೆ ಅದು ನಡೆಯುವುದಿಲ್ಲ ಎಂಬುದೂ ನಿಜ. ಅಂಕಿಗಳ ಮಾತನ್ನು ಮಾತ್ರ ಅರ್ಧ ಒಪ್ಪುತ್ತೇನೆ. ನಮ್ಮ ಮುಖಂಡಳಾಗಿದ್ದ ಹಿರಿಯ ಸಿಸ್ಟರ್ ಅಂಕಿ ಕೇಳುವ ಮೊದಲು ಈ ವಾರ ಯಾರ ಹೆಸರನ್ನು ಹೇಳಿ ಪ್ರಾರ್ಥಿಸಿದಿರಿ ಎಂದು ಕೇಳುತ್ತಿದ್ದಳು. ಕೇಳುವವರು ಯಾರು ಎಂಬುದರ ಮೇಲೆ ಅದೇ ಲೆಕ್ಕ ಹಗುರವೂ ಆಗುತ್ತದೆ, ಭಾರವೂ ಆಗುತ್ತದೆ.

ಮರುಪ್ರಶ್ನೆ: ಹಾಸನದ ಸೊಸೆ

ಎಲ್ಲರಿಗೂ ಧನ್ಯವಾದ. ಉತ್ತರಗಳನ್ನು ಮಗನಿಗೂ ಅತ್ತೆಯವರಿಗೂ ಓದಿ ಹೇಳಿದೆ. ವಂಶಾವಳಿಯ ವಿಷಯ ಕೇಳಿ ನಮ್ಮ ಯಜಮಾನರಿಗೆ ಕುತೂಹಲ ಹುಟ್ಟಿದೆ. ಇನ್ನೆರಡು ಸಣ್ಣ ಪ್ರಶ್ನೆಗಳು ಮಾತ್ರ ಉಳಿದಿವೆ. ಆ ಹುಡುಗರನ್ನು ಒಮ್ಮೆ ಊಟಕ್ಕೆ ಕರೆಯಬೇಕೆಂದು ಅತ್ತೆಯವರ ಆಸೆ, ಆದರೆ ಮತಾಂತರದ ಬಗ್ಗೆ ಆಸೆ ಹುಟ್ಟಿಸಿದಂತಾಗಬಾರದು. ಇದನ್ನು ಅವರಿಗೆ ಹೇಗೆ ಹೇಳಬೇಕು? ನನ್ನ ಮಗ ಹೊರಟುಹೋದ ಗೆಳೆಯನಿಗೆ ಪತ್ರ ಬರೆಯಬಹುದೇ?

ಉತ್ತರ 6: ಬೆಂಗಳೂರಿನ ಮಾಜಿ ಸಿಸ್ಟರ್

ಧಾರಾಳವಾಗಿ ಕರೆಯಿರಿ, ಯಜಮಾನರು ಮನೆಯಲ್ಲಿರುವ ದಿನ ನೋಡಿ. ನಮಗೆ ಸಭೆ ಸೇರುವ ವಿಚಾರವಿಲ್ಲ, ಊಟಕ್ಕೆ ಬನ್ನಿ, ಎಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ದಾಕ್ಷಿಣ್ಯದ ಹೌದುಗಳಿಂದ ನೊಂದವರಿಗೆ ನೇರವಾದ ಇಲ್ಲ ಎಂಬುದು ಉಪಕಾರವೇ. ಊಟ ಮುಗಿದ ಮೇಲೆ ಒಂದು ಚಿಕ್ಕ ವಚನ ಓದಿ ಪ್ರಾರ್ಥಿಸಬಹುದೇ ಎಂದು ಕೇಳುತ್ತಾರೆ. ಒಪ್ಪುವುದೂ ಬಿಡುವುದೂ ನಿಮ್ಮ ಇಷ್ಟ, ಬೇಡವೆಂದರೆ ಬೇಸರಿಸುವುದಿಲ್ಲ. ಖಾರ ಸ್ವಲ್ಪ ಕಡಿಮೆ ಇರಲಿ. ಬೀರು ಸರಿಸುವುದು, ತೋಟದ ಕಳೆ ಕೀಳುವುದು ಇಂಥ ಕೆಲಸವಿದ್ದರೆ ಸಂಕೋಚವಿಲ್ಲದೆ ಹೇಳಿ. ಕೈಯಿಂದ ಮಾಡಿ ಮುಗಿಸಬಹುದಾದ ಕೆಲಸ ಸಿಕ್ಕಿದ ದಿನ ಮಿಷನರಿಗಳಿಗೆ ಹಬ್ಬ.

ನಿಮ್ಮ ಮಗ ಗೆಳೆಯನಿಗೆ ಇಮೇಲ್ ಬರೆಯಬಹುದು, ಬರೆಯಲೇಬೇಕು. ಉತ್ತರ ಬಿಡುವಿನ ದಿನವೇ ಬರುತ್ತದೆ, ಅದೂ ಎರಡೇ ಸಾಲು ಇರಬಹುದು, ಅದರಿಂದ ಮುನಿಸಿಕೊಳ್ಳದಿರಲಿ. ಎಷ್ಟು ಜನರನ್ನು ಸೇರಿಸಿದೆ ಎಂದು ಕೇಳದಿರಲಿ, ಎಂದು ಬರುತ್ತೀಯ ಎಂದೂ ಕೇಳದಿರಲಿ. ಶಾಲೆಯ ಫುಟ್‌ಬಾಲ್ ತಂಡ ಯಾರ ಕೈಯಲ್ಲಿ ಸೋತಿತು, ಯಾರು ಯಾವ ಕಾಲೇಜಿಗೆ ಸೇರಿದರು, ಬಸ್‌ಸ್ಟಾಪಿನ ಪಕ್ಕದ ಚಿಪ್ಸ್ ಅಂಗಡಿಯಲ್ಲಿ ಏನು ಬದಲಾಯಿತು, ಇವನ್ನೆಲ್ಲ ಬರೆಯಲಿ. ಮನೆಯವರ ಪತ್ರದಲ್ಲಿ ಇವು ಇರುವುದಿಲ್ಲ.